ದೊಮ್ಮಲೂರಿನ ಮನೆಯ ಹಿಂಬಾಗಿಲು

ದೊಮ್ಮಲೂರಿನ ಆ ಮನೆಯವರು ನನಗೆ ಫೋನ್ ಮಾಡಿದ್ದು ನನ್ನ ಪಾಲುದಾರ ಫೋನ್ ಎತ್ತಲಿಲ್ಲ ಎಂಬ ಕಾರಣಕ್ಕೆ. ಅವನು ಎತ್ತಿದ್ದರೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ.

"ನಿಮ್ಮ ಅಲಾರಂ ದಿನಾ ಬೆಳಿಗ್ಗೆ ಸುಮ್‌ಸುಮ್ನೆ ಬಡ್ಕೊಳ್ತಾ ಇದೆ," ಎಂದರು ಆ ಮನೆಯ ಯಜಮಾನರು. "ಅಕ್ಕಪಕ್ಕದವರು ಜಗಳಕ್ಕೆ ಬರ್ತಿದಾರೆ. ನಿಮ್ಮ ಸ್ನೇಹಿತ್ರು ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂತಾರೆ. ಈಗ ಫೋನೂ ಎತ್ತಲ್ಲ. ಪೆಟ್ಟಿಗೆ ಮೇಲೆ ನಿಮ್ಮ ನಂಬರೂ ಇತ್ತು, ಅದಕ್ಕೆ ಮಾಡ್ದೆ."

ಮನೆಗಳಿಗೆ ಕಳ್ಳರ ಅಲಾರಂ ಹಾಕುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮಿಬ್ಬರ ಕೆಲಸ. ನಾನೂ ನನ್ನ ಪಾಲುದಾರನೂ ಮರ್ಫಿ ಟೌನಿನ ಒಂದೇ ಗಲ್ಲಿಯವರು. ಒಟ್ಟಿಗೆ ಐಟಿಐ ಓದಿ, ಬೇರೆಯವರ ಕೈಕೆಳಗೆ ಒಟ್ಟಿಗೆ ದುಡಿದು, ಕೊನೆಗೆ ಹಲಸೂರಿನಲ್ಲಿ ಒಂದು ಚಿಕ್ಕ ಅಂಗಡಿ ಹಾಕಿಕೊಂಡವರು. ದೊಮ್ಮಲೂರಿನ ಮನೆಗೆ ಅಲಾರಂ ಹಾಕಿದ್ದು ನಾವೇ. ಮುಂದಿನ ಬಾಗಿಲು, ಕಿಟಕಿಗಳು, ಹಾಲಿನಲ್ಲಿರುವ ಪ್ಯಾನೆಲ್, ಇವು ನನ್ನ ಪಾಲಿಗೆ ಬಂದಿದ್ದವು. ಅಡುಗೆಮನೆ, ಹಿಂಬಾಗಿಲು, ತಾರಸಿ ಅವನ ಪಾಲಿಗೆ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಉಳಿದದ್ದನ್ನೆಲ್ಲ ಅವನೇ ಮುಗಿಸಿ, ಆಸ್ಪತ್ರೆಯ ವರಾಂಡಕ್ಕೆ ಬಂದು ನನ್ನ ಪಕ್ಕ ಕೂತು ಹೇಳಿದ್ದ: "ಎಲ್ಲಾ ಆಯ್ತು ಮಗಾ. ಒಂದೊಂದು ಬಾಗಿಲೂ ತೆಗೆದು ನೋಡ್ದೆ. ನೀನು ಅಪ್ಪನ್ನ ನೋಡ್ಕೋ." ಆವತ್ತು ನನ್ನ ಕಣ್ಣು ತುಂಬಿ ಬಂದಿತ್ತು. ಇಂಥ ಒಬ್ಬ ಸ್ನೇಹಿತ ಸಾಕು ಅಂದುಕೊಂಡಿದ್ದೆ.

ಆಮೇಲೆ ಆ ಮನೆಯ ವಿಷಯ ಬಂದಾಗಲೆಲ್ಲ ಅವನು, "ಅದನ್ನ ನನಗೆ ಬಿಡು, ಆ ಯಜಮಾನ್ರು ಸ್ವಲ್ಪ ಕಿರಿಕಿರಿ," ಎನ್ನುತ್ತಿದ್ದ. ಅಲ್ಲಿ ಕಳ್ಳತನವಾದ ಸುದ್ದಿಯನ್ನೂ ಅವನೇ ಹೇಳಿದ್ದು. "ಮನೆಯವ್ರೇ ಯಾರೋ ತೆಗೆದಿದಾರೆ. ನಾನು ಹೋಗಿ ಚೆಕ್ ಮಾಡ್ಕೊಂಡು ಬಂದೆ, ನಮ್ಮ ಸಿಸ್ಟಂ ಪರ್ಫೆಕ್ಟಾಗಿದೆ." ನಾನು ಮರುಪ್ರಶ್ನೆ ಕೇಳಿರಲಿಲ್ಲ.

ಫೋನ್ ಬಂದ ಮೇಲೆ ನಾನು ಮೊದಲ ದಿನ ಹೋದಾಗ ಗೇಟು ತೆಗೆದವರು ಯಜಮಾನರ ತಂಗಿ. ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವರು ಇಲ್ಲೇ ಉಳಿದಿದ್ದರು. ಅತ್ತಿಗೆ ತೀರಿಹೋದ ನಂತರ ಮನೆ ನಡೆಸುತ್ತಿದ್ದದ್ದು ಅವರೇ. ಅಲಾರಂ ಹಾಕುವ ಕೆಲಸ ನಡೆಯುತ್ತಿದ್ದಾಗ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ನಮಗೆ ಕಾಫಿ ಕೊಟ್ಟು, ಯಾವ ಗೋಡೆಯಲ್ಲಿ ನೀರಿನ ಪೈಪು ಹೋಗಿದೆ ಎಂದು ತೋರಿಸುತ್ತಿದ್ದರು. ಈ ಸಲ ಸೊಂಟದಲ್ಲಿ ಗೊಂಚಲು ಇರಲಿಲ್ಲ. ನನ್ನನ್ನು ಹಾಲಿಗೆ ಬಿಟ್ಟು ಒಳಗೆ ಹೋದರು.

ಯಜಮಾನರು ಹಳೇ ದೊಮ್ಮಲೂರಿನ ಒಕ್ಕಲು ಮನೆತನದವರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಕಟ್ಟಡಗಳಿವೆ. ಕಳವಿನ ಕಥೆಯನ್ನು ಅವರೇ ಹೇಳಿದರು, ಅಡುಗೆಮನೆಗೆ ಕೇಳದ ಹಾಗೆ ದನಿ ತಗ್ಗಿಸಿ. ಕೆ.ಆರ್. ಪುರದ ಛತ್ರವೊಂದರಲ್ಲಿ ನೆಂಟರ ಮದುವೆ ಇತ್ತು. ಪ್ಯಾನೆಲ್ಲಿನಲ್ಲಿ ಗುಟ್ಟಿನ ನಂಬರ್ ಒತ್ತಿ ಅಲಾರಂ ಚಾಲೂ ಮಾಡಿ ಅಣ್ಣ ತಂಗಿ ಇಬ್ಬರೂ ಹೋಗಿದ್ದರು. ತಂಗಿ ತಲೆನೋವೆಂದು ಊಟ ಮುಗಿಸಿಕೊಂಡು ಆಟೋದಲ್ಲಿ ಮೊದಲೇ ವಾಪಸು ಬಂದರು. ಯಜಮಾನರು ಸಂಜೆ ಬಂದು ಬೀರು ತೆಗೆದರೆ, ತೀರಿಹೋದ ಹೆಂಡತಿಯ ಒಡವೆ ಡಬ್ಬಿ ಇಲ್ಲ. ಹಿಂದಿನ ಅಡುಗೆಮನೆ ಕಿಟಕಿಯ ಜಾಲರಿ ಸ್ವಲ್ಪ ಸಡಿಲವಾಗಿತ್ತಂತೆ. ಅಲ್ಲಿಂದ ಕೈ ಹಾಕಿದರೆ ಹಿಂಬಾಗಿಲಿನ ಚಿಲಕ ಸಿಗುತ್ತದೆ ಎಂದು ಪೊಲೀಸರೇ ಹೇಳಿದ್ದರು.

"ಆದರೆ ಆ ಬಾಗಿಲು ತೆಗೆದಿದ್ರೆ ಅಲಾರಂ ಹೊಡೀಬೇಕಿತ್ತಲ್ಲಪ್ಪ," ಎಂದರು ಯಜಮಾನರು. "ಬೀದಿ ಪೂರ್ತಿ ಕೇಳ್ಸೋ ಸೈರನ್. ಯಾರಿಗೂ ಕೇಳ್ಸಿಲ್ಲ. ಅಂದ್ರೆ ನಂಬರ್ ಒತ್ತಿ ಒಳಗೆ ಬಂದವರೇ ತೆಗೆದಿರಬೇಕು. ನಂಬರ್ ಗೊತ್ತಿದ್ದಿದ್ದು ನನಗೆ ಮತ್ತೆ..." ಅವರು ಅಡುಗೆಮನೆ ಕಡೆ ನೋಡಿದರು. "ನಿಮ್ಮ ಸ್ನೇಹಿತ್ರು ಬಂದು ಎಲ್ಲಾ ಸರಿಯಾಗಿದೆ ಅಂತ ಹೇಳಿದ್ಮೇಲೆ ನಾನು ಇನ್ನೇನು ಅನ್ಕೋಬೇಕು?"

ಪೊಲೀಸರಿಗೆ ಅವರು ತಂಗಿಯ ಹೆಸರು ಕೊಟ್ಟಿರಲಿಲ್ಲ. ಆದರೆ ಬೀಗದ ಕೈ ಗೊಂಚಲು ಕಿತ್ತುಕೊಂಡಿದ್ದರು. ಅಲಾರಂ ನಂಬರ್ ಬದಲಾಯಿಸಿದ್ದರು. ಮನೆಯಲ್ಲಿದ್ದಾಗಲೂ ಅದನ್ನು ಹಾಕಿಯೇ ಇಡುತ್ತಿದ್ದರು. ತಂಗಿ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗಬೇಕಾದರೂ ಅಣ್ಣನನ್ನು ಕರೆದು, ಅವರು ಬಂದು ನಂಬರ್ ಒತ್ತುವ ತನಕ ಬಾಗಿಲ ಹತ್ತಿರ ಕಾಯಬೇಕಿತ್ತು.

ಮನೆ ಸಂಗತಿ ನನಗೇಕೆ ಎಂದು ನಾನು ಕೆಲಸಕ್ಕೆ ಕೈ ಹಾಕಿದೆ. ಸುಮ್ಮನೆ ಹೊಡೆದುಕೊಳ್ಳುವ ಅಲಾರಂ ಅಂದರೆ ಮೊದಲು ಕರೆಂಟು ನೋಡಬೇಕು. ಮೇನ್ಸ್ ತೆಗೆದು, ಪ್ಯಾನೆಲ್ಲಿನ ಬ್ಯಾಟರಿಯ ಮೇಲೇ ಸೈರನ್ ಹೊಡೆಸಿ ಮೀಟರ್ ಹಿಡಿದೆ. ವೋಲ್ಟೇಜು ಸರಸರನೆ ಇಳಿಯಿತು. ಬ್ಯಾಟರಿ ಸತ್ತಿತ್ತು. ಮೇನ್ಸ್ ಒಂದು ಕ್ಷಣ ಏರುಪೇರಾದರೂ ಪ್ಯಾನೆಲ್ ಗಾಬರಿಬಿದ್ದು ಹೊಡೆಯಬಹುದು. ಶಿವಾಜಿನಗರದಲ್ಲಿ ನಾವು ಯಾವಾಗಲೂ ಹೋಗುವ ಅಂಗಡಿಯ ಭಾಯಿ ಹತ್ತಿರ ಹೊಸ ಬ್ಯಾಟರಿ ತಂದೆ. ಮಗನ ಜೊತೆ ದಖ್ಖನಿಯಲ್ಲಿ ಏನೋ ಹೇಳುತ್ತಿದ್ದ ಅವರು ನನ್ನ ಕಡೆ ತಿರುಗಿ, "ಬ್ಯಾಟ್ರಿದು ತೊಂದ್ರೆ ಆದ್ರೆ ಕರೆಂಟ್ ಹೋದಾಗ ಬರ್ಬೇಕು. ದಿನಾ ಬೆಳಿಗ್ಗೆನೇ ಯಾಕ್ ಹೊಡಿಯುತ್ತೆ?" ಎಂದರು. ನನಗೂ ಆ ಅನುಮಾನ ಇತ್ತು. ಆದರೂ ಹಾಕಿ ನೋಡೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಹೊಡೆಯಿತು.

ಎರಡನೇ ಸಲ ಹೋದಾಗ ಮುಂಬಾಗಿಲು ನೋಡಿದೆ. ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸಣ್ಣ ಸ್ವಿಚ್, ಬಾಗಿಲಿನಲ್ಲಿ ಅದಕ್ಕೆದುರಾಗಿ ಒಂದು ಅಯಸ್ಕಾಂತ. ಬಾಗಿಲು ಮುಚ್ಚಿದ್ದರೆ ಸರ್ಕ್ಯೂಟ್ ಕೂಡಿರುತ್ತದೆ, ತೆರೆದರೆ ಕಡಿಯುತ್ತದೆ. ಅಲ್ಲಿಂದ ಎರಡೆಳೆಯ ತೆಳುವಾದ ವೈರು ಪ್ಯಾನೆಲ್‌ಗೆ ಬರುತ್ತದೆ. ಹೀಗೆ ಒಂದೊಂದು ಬಾಗಿಲಿಂದ ಬರುವ ಲೈನನ್ನು ಝೋನ್ ಎನ್ನುತ್ತೇವೆ. ವೈರಿನ ದೂರದ ತುದಿಯಲ್ಲಿ, ಬಾಗಿಲಿನ ಹತ್ತಿರವೇ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರ್ ಇಡುತ್ತೇವೆ. ಪ್ಯಾನೆಲ್ ಸದಾ ಅದನ್ನು ಅಳೆಯುತ್ತಿರುತ್ತದೆ. ಅಳತೆ ಸರಿಯಾಗಿ ಬಂದರೆ ಬಾಗಿಲು ಮುಚ್ಚಿದೆ, ವೈರೂ ನೆಟ್ಟಗಿದೆ ಎಂದರ್ಥ, ಹಸಿರು ದೀಪ ಉರಿಯುತ್ತದೆ. ಯಾರಾದರೂ ಬಾಗಿಲು ತೆರೆದರೂ, ವೈರು ಕತ್ತರಿಸಿದರೂ ಗೊತ್ತಾಗುತ್ತದೆ.

ಮುಂಬಾಗಿಲಿನ ಮರ ಸ್ವಲ್ಪ ಉಬ್ಬಿ ಅಯಸ್ಕಾಂತ ದೂರ ಸರಿದಿತ್ತು. ಇದೇ ಇರಬೇಕೆಂದು ಅದನ್ನು ಬಿಚ್ಚಿ ಹತ್ತಿರಕ್ಕೆ ಕೂರಿಸಿದೆ. ಬಾಗಿಲು ಅಲ್ಲಾಡಿಸಿ ನೋಡಿದೆ, ಮೀಟರಿನ ಅಂಕೆ ಕದಲಲಿಲ್ಲ. "ಇನ್ನು ಹೊಡಿಯಲ್ಲ ಸಾರ್," ಎಂದು ಭರವಸೆ ಕೊಟ್ಟು ಬಂದೆ. ಮಾರನೇ ಬೆಳಿಗ್ಗೆ ಯಜಮಾನರ ಫೋನು ಬಂತು. ಹಿನ್ನೆಲೆಯಲ್ಲಿ ಸೈರನ್ ಅರಚುತ್ತಿದ್ದದ್ದು ನನಗೇ ಕೇಳಿಸಿತು. ಅವರು ಬೈಯಲೂ ಇಲ್ಲ, "ಕೇಳಿಸ್ತಾ?" ಎಂದಷ್ಟೇ ಹೇಳಿ ಇಟ್ಟರು.

ಮೂರನೇ ಸಲ ಬೆಳಿಗ್ಗೆಯೇ ಹೋಗಿ, ಪ್ಯಾನೆಲ್ ಬಿಚ್ಚಿಟ್ಟುಕೊಂಡು ಹಾಲಿನಲ್ಲಿ ಸ್ಟೂಲಿನ ಮೇಲೆ ಕೂತೆ. ಅದು ಹೊಡೆಯುವ ಕ್ಷಣದಲ್ಲಿ ಯಾವ ಝೋನ್ ಅಲ್ಲಾಡುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಯಜಮಾನರು ಹೊರಗೆ ಬಾಡಿಗೆದಾರರೊಬ್ಬರ ಹತ್ತಿರ ಮಾತಾಡುತ್ತಿದ್ದರು. ತಂಗಿ ಕಾಫಿ ತಂದಿಟ್ಟು ಹೋಗಲು ತಿರುಗಿದವರು ನಿಂತರು.

"ನಾನು ಮೋಟಾರ್ ಹಾಕ್ದಾಗ ಹೊಡಿಯುತ್ತೆ," ಎಂದರು.

"ಯಾವ ಮೋಟಾರ್ ಅಕ್ಕ?"

"ನೀರಿನ ಮೋಟಾರು. ಅಣ್ಣ ಹೊಸದು ಹಾಕಿಸಿದ. ಸ್ವಿಚ್ ಅಡುಗೆಮನೇಲಿದೆ. ದಿನಾ ಬೆಳಿಗ್ಗೆ ಟ್ಯಾಂಕ್ ತುಂಬಿಸ್ತೀನಿ. ದಿನಾ ಹೊಡಿಯಲ್ಲ ಅಂತ ಇಟ್ಕೊಳಿ, ಆದರೆ ಹೊಡೆದಾಗೆಲ್ಲಾ ನಾನು ಆಗಷ್ಟೇ ಸ್ವಿಚ್ ಹಾಕಿರ್ತೀನಿ."

"ಯಜಮಾನ್ರಿಗೆ ಹೇಳಿದ್ರಾ?"

"ಈಗ ನಾನು ಏನು ಹೇಳಿದ್ರೂ ಅಣ್ಣಂಗೆ ಅದರಲ್ಲಿ ಇನ್ನೇನೋ ಕಾಣುತ್ತೆ," ಎಂದು ಒಳಗೆ ಹೋದರು.

ಅವರನ್ನು ಕರೆದು ಮೋಟಾರ್ ಹಾಕಿ ಎಂದೆ. ಸ್ವಿಚ್ಚಿನ ಸದ್ದು ಕೇಳಿತು, ತಕ್ಷಣ ತಾರಸಿ ಬಾಗಿಲಿನ ಝೋನ್ ದೀಪ ಒಮ್ಮೆ ಮಿನುಗಿ ಸೈರನ್ ಹೊಡೆಯಿತು. ತಾರಸಿಗೆ ಹೋಗಿ ನೋಡಿದರೆ ವಿಷಯ ಸರಳವಾಗಿತ್ತು. ಹೊಸ ಮೋಟಾರ್ ಹಾಕಿದ ಎಲೆಕ್ಟ್ರಿಷಿಯನ್ ಬೇರೆ ಪೈಪು ಎಳೆಯುವ ಶ್ರಮ ತಪ್ಪಿಸಿಕೊಳ್ಳಲು ದಪ್ಪ ಕೇಬಲ್ಲನ್ನು ನಮ್ಮ ಅಲಾರಂ ವೈರಿನ ಪೈಪಿನೊಳಗೇ ತೂರಿಸಿದ್ದ. ಮೋಟಾರ್ ಶುರುವಾಗುವಾಗಿನ ಕರೆಂಟಿನ ಹೊಡೆತ ಪಕ್ಕದ ತೆಳು ವೈರಿಗೆ ತಾಗಿ, ಪ್ಯಾನೆಲ್‌ಗೆ ಬಾಗಿಲು ತೆರೆದ ಹಾಗೆ ಕಾಣುತ್ತಿತ್ತು. ಹೊರಗಡೆ ಬೇರೆ ಪೈಪು ಹಾಕಿ ನಮ್ಮ ವೈರನ್ನು ಅದಕ್ಕೆ ಬದಲಾಯಿಸಿದೆ. ಮೋಟಾರ್ ಮತ್ತೆ ಮತ್ತೆ ಹಾಕಿಸಿ ನೋಡಿದೆ, ದೀಪ ಅಲ್ಲಾಡಲಿಲ್ಲ. ಅಲ್ಲಿಗೆ ನನ್ನನ್ನು ಕರೆದ ಕೆಲಸ ಮುಗಿದಿತ್ತು.

ಇಷ್ಟೆಲ್ಲ ಬಿಚ್ಚಿದ ಮೇಲೆ ಉಳಿದ ಝೋನ್‌ಗಳಿಗೂ ಮೋಟಾರಿನ ಹೊಡೆತ ತಾಗುತ್ತಿದೆಯೇ ಎಂದು ನೋಡುವುದು ವಾಡಿಕೆ. ಪ್ಯಾನೆಲ್ಲಿನಿಂದ ಒಂದೊಂದು ಝೋನಿನ ವೈರು ಬಿಚ್ಚಿ ಮೀಟರ್ ಹಿಡಿಯಬೇಕು. ಬಿಚ್ಚಿದ ತಕ್ಷಣ ಪ್ಯಾನೆಲ್ ಆ ಝೋನ್ ಕಡಿದಿದೆ ಎಂದು ಕೆಂಪು ದೀಪ ತೋರಿಸಬೇಕು. ಮುಂಬಾಗಿಲಿನ ವೈರು ಬಿಚ್ಚಿದೆ, ಕೆಂಪು ಬಂತು. ಕಿಟಕಿಗಳದ್ದು ಬಿಚ್ಚಿದೆ, ಬಂತು. ಹಿಂಬಾಗಿಲಿನ ವೈರು ಬಿಚ್ಚಿದೆ. ಹಸಿರು ಹಾಗೇ ಉರಿಯುತ್ತಿತ್ತು.

ನಾನೇ ತಪ್ಪು ವೈರು ಬಿಚ್ಚಿದೆನೇನೋ ಎಂದು ಮತ್ತೆ ನೋಡಿದೆ. ಸರಿಯಾಗಿಯೇ ಬಿಚ್ಚಿದ್ದೆ. ಎರಡೂ ಎಳೆಗಳು ನನ್ನ ಕೈಯಲ್ಲಿದ್ದವು. ಮೊಬೈಲ್ ಬೆಳಕು ಬಿಟ್ಟು ಸ್ಕ್ರೂಗಳ ಸಂದಿಯಲ್ಲಿ ಇಣುಕಿದೆ. ಕಪ್ಪು ಪ್ಲಾಸ್ಟಿಕ್ ಕವಚ ತೊಡಿಸಿದ ಒಂದು ರೆಸಿಸ್ಟರ್, ಬಾಗಿಲ ಹತ್ತಿರ ಇರಬೇಕಾದದ್ದು, ಪ್ಯಾನೆಲ್ಲಿನ ಎರಡು ಸ್ಕ್ರೂಗಳ ನಡುವೆ, ಬೋರ್ಡಿನ ಹಿಂಬದಿಗೆ ಮಡಚಿ ಕೂತಿತ್ತು. ನನ್ನ ಕೈಯಲ್ಲಿದ್ದ ವೈರಿನ ತುದಿಗಳಲ್ಲಿ ತಾಮ್ರವೇ ಹೊರಗೆ ಬಂದಿರಲಿಲ್ಲ. ಪ್ಲಾಸ್ಟಿಕ್ ಸಿಪ್ಪೆಯ ಸಮೇತ ಸ್ಕ್ರೂ ಕೆಳಗೆ ತುರುಕಿ ಬಿಗಿದಿದ್ದರು, ನೋಡಿದವರಿಗೆ ಸೇರಿಸಿದ ಹಾಗೆ ಕಾಣಲೆಂದು.

ನಮ್ಮ ಕೆಲಸದಲ್ಲಿ ಹೀಗೆ ಪ್ಯಾನೆಲ್ಲಿಗೇ ರೆಸಿಸ್ಟರ್ ಹಾಕುವುದು ಉಂಟು, ದೋಷ ವೈರಿನಲ್ಲಿದೆಯೋ ಪ್ಯಾನೆಲ್ಲಿನಲ್ಲಿದೆಯೋ ತಿಳಿಯಲು. ಅದು ಪರೀಕ್ಷೆಗೆ ಮಾತ್ರ. ಹಾಗೇ ಬಿಟ್ಟರೆ ಪ್ಯಾನೆಲ್ ತನ್ನನ್ನು ತಾನೇ ಅಳೆದುಕೊಂಡು ಎಲ್ಲ ಸರಿಯಿದೆ ಎನ್ನುತ್ತಲೇ ಇರುತ್ತದೆ. ಇದು ನಮಗೆ ಮೊದಲ ಕೆಲಸದಲ್ಲೇ ಹೇಳಿಕೊಟ್ಟ ವಿಷಯ. ನನಗೂ ಅವನಿಗೂ, ಒಟ್ಟಿಗೇ.

ಆ ವೈರಿನ ತುದಿ ಸುಲಿದು ಮೀಟರ್ ಹಿಡಿದೆ. ಬಾಗಿಲು ಮುಚ್ಚಿದ್ದರೂ ಸರ್ಕ್ಯೂಟ್ ಕೂಡುತ್ತಿರಲಿಲ್ಲ. ವೈರು ಗೋಡೆಯೊಳಗೆಲ್ಲೋ ತುಂಡಾಗಿತ್ತು. ತಂಗಿಯವರಿಗೆ ಹಿಂಬಾಗಿಲು ತೆಗೆಯಲು ಹೇಳಿದೆ. ಅಣ್ಣ ಬರಲಿ ಎಂದು ಹಿಂಜರಿದರು. "ಪರವಾಗಿಲ್ಲ ಅಕ್ಕ, ನಾನಿದೀನಿ, ತೆಗೀರಿ," ಎಂದೆ. ಚಿಲಕ ಸರಿದ ಸದ್ದು, ಬಾಗಿಲು ಕಿರುಗುಟ್ಟಿದ ಸದ್ದು ಹಾಲಿನ ತನಕ ಕೇಳಿತು. ಹಸಿರು ದೀಪ ಉರಿಯುತ್ತಲೇ ಇತ್ತು. ಮುಚ್ಚಿ, ಮತ್ತೆ ತೆಗೆಯಲು ಹೇಳಿದೆ. ಏನೂ ಬದಲಾಗಲಿಲ್ಲ.

ಆಕೆ ಬಂದು ಏನಾಯಿತೆಂದು ಕೇಳಿದರು. ಒಂದು ವೈರು ತರಬೇಕು, ನಾಳೆ ಬರುತ್ತೇನೆ ಎಂದು ಹೇಳಿ ಪ್ಯಾನೆಲ್ ಮುಚ್ಚಿ ಹೊರಟೆ. ಹಲಸೂರಿಗೆ ಬರುವ ದಾರಿಯಲ್ಲಿ ಸಿಗ್ನಲ್ ಹಸಿರಾದದ್ದು ಗೊತ್ತಾಗದೆ ಹಿಂದಿನವರ ಹಾರ್ನ್ ತಿಂದೆ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಅವನು ಗಡಿಬಿಡಿಯಲ್ಲಿ ಮರೆತಿರಬಹುದು. ಮರೆತಿರಲಿ ಎಂದು ನಾನು ನಿಜವಾಗಿಯೂ ಬೇಡಿಕೊಳ್ಳುತ್ತಿದ್ದೆ.

ಅವನು ಹೊಸೂರಿನ ಒಂದು ಕೆಲಸ ಮುಗಿಸಿ ಸಂಜೆ ಅಂಗಡಿಗೆ ಬಂದ.

"ದೊಮ್ಮಲೂರಿಗೆ ಹೋಗಿದ್ದೆ," ಎಂದೆ. "ಹಿಂಬಾಗಿಲಿನ ಝೋನ್ ನೋಡ್ದೆ."

ಅವನು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಏನು ನೋಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಇನ್ನೂ ಸ್ವಲ್ಪ ಹೊತ್ತು ಆಸೆ ಉಳಿಯುತ್ತಿತ್ತು.

"ಗ್ರಾನೈಟ್ ಹಾಕೋನು ಗೋಡೆ ಕೊಯ್ಯುವಾಗ ವೈರ್ ಒಳಗೇ ಕಟ್ ಆಗೋಯ್ತು ಮಗಾ," ಎಂದ. "ಹೊಸಾ ಅಡುಗೆಮನೆ. ಮತ್ತೆ ಒಡೀಬೇಕು ಅಂದ್ರೆ ಆ ಯಜಮಾನ್ರು ನಮ್ಮನ್ನ ಓಡಿಸ್ತಿದ್ರು. ಆಮೇಲೆ ಸರಿ ಮಾಡೋಣ ಅಂತ ಹಾಗೆ ಮಾಡ್ದೆ."

"ಆಮೇಲೆ ಯಾಕೆ ಮಾಡ್ಲಿಲ್ಲ?"

"ಮರ್ತೋಯ್ತು."

"ಕಳ್ಳತನ ಆದ್ಮೇಲೆ ಚೆಕ್ ಮಾಡೋಕೆ ಹೋಗಿದ್ಯಲ್ಲ. ಆಗಲೂ ಮರ್ತೋಗಿತ್ತಾ?"

ಅವನು ಕೂತ. "ಆಗ ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ಪೊಲೀಸ್ರು ನಮ್ಮನ್ನೇ ಸ್ಟೇಷನ್ನಲ್ಲಿ ಕೂರಿಸ್ತಿದ್ರು. ನನ್ನೊಬ್ಬನ್ನೇ ಅಲ್ಲ, ನಿನ್ನನ್ನೂ. ಇಂದಿರಾನಗರದ ಕಡೆ ಒಬ್ರೂ ನಮಗೆ ಕೆಲಸ ಕೊಡ್ತಿರ್ಲಿಲ್ಲ," ಎಂದ.

"ಆ ಅಕ್ಕನ್ನ ಕಳ್ಳಿ ಅಂತ ಇಟ್ಟಿದಾರೆ ಆ ಮನೇಲಿ."

"ಅದು ಅವರ ಮನೆ ವಿಷ್ಯ. ಆಯಮ್ಮ ತೆಗೆದಿಲ್ಲ ಅಂತ ನಿನಗೇನ್ ಗೊತ್ತು?"

"ಗೊತ್ತಿಲ್ಲ. ತೆಗೆದಿದಾರೆ ಅಂತ ನಿನಗೆ ಗೊತ್ತಿತ್ತಾ?"

ಅವನು ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟ. ಚಿಕ್ಕಂದಿನಿಂದ ಅವನು ಹಾಗೆ ಕೈ ಇಟ್ಟಾಗಲೆಲ್ಲ ನನ್ನ ಸಿಟ್ಟು ಇಳಿದಿದೆ. "ನಾಳೆ ಹೋಗಿ ಒಂದು ಹೊಸಾ ವೈರ್ ಎಳ್ದುಬಿಡು ಗುರು. ಬಾಗಿಲ ಹತ್ರ ರೆಸಿಸ್ಟರ್ ಹಾಕು. ಮುಗೀತು. ಯಾರಿಗೂ ಏನೂ ಗೊತ್ತಾಗಲ್ಲ."

ಅವನು ಹೇಳಿದ್ದು ಸುಲಭದ ಕೆಲಸ. ಗೋಡೆ ಒಡೆಯುವುದೂ ಬೇಡ, ಗೋಡೆಯ ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆದು ಅದರೊಳಗೆ ವೈರು ಎಳೆದರೆ ಸಾಕು. ಮನೆಗೆ ಹೋಗಿ ಅದನ್ನೇ ಯೋಚಿಸುತ್ತ ಕೂತೆ. ಅಪ್ಪ ಟಿವಿ ನೋಡುತ್ತಿದ್ದರು. ಆಸ್ಪತ್ರೆಯ ದಿನಗಳಲ್ಲಿ ಅವನು ಅಪ್ಪನಿಗೆ ದಿನಾ ಎಳನೀರು ತಂದುಕೊಡುತ್ತಿದ್ದ. ಆ ಎಳನೀರೂ ನಿಜ, ವರಾಂಡದಲ್ಲಿ ಹೇಳಿದ ಸುಳ್ಳೂ ನಿಜ. ಒಂದನ್ನು ನೆನೆದರೆ ಇನ್ನೊಂದು ಇಲ್ಲವಾಗುತ್ತಿರಲಿಲ್ಲ. ನನ್ನ ಕಷ್ಟದ ದಿನವನ್ನೇ ನೋಡಿಕೊಂಡು, ನಾನು ಹೋಗಿ ಪರೀಕ್ಷಿಸಲಾರೆ ಎಂಬ ಧೈರ್ಯದಿಂದಲೇ ಹೀಗೆ ಮಾಡಿದನೇ ಎಂಬ ಪ್ರಶ್ನೆ ಒಮ್ಮೆ ಎದ್ದ ಮೇಲೆ ಮತ್ತೆ ಮಲಗಲಿಲ್ಲ.

ಕೊನೆಗೆ ನನ್ನನ್ನು ತೀರ್ಮಾನಕ್ಕೆ ತಂದದ್ದು ಕೆಲಸದ ತರ್ಕವೇ. ನಾನು ಗುಟ್ಟಾಗಿ ಸರಿ ಮಾಡಿದರೆ ಆ ಬಾಗಿಲು ಇನ್ನು ಮುಂದೆ ತೆರೆದ ತಕ್ಷಣ ಸೈರನ್ ಹೊಡೆಯುತ್ತದೆ. ಯಜಮಾನರು ಎಂದಾದರೂ ಅನುಮಾನ ಬಂದು ತೆರೆದು ನೋಡಿದರೆ, ಆವತ್ತೂ ಹೀಗೇ ಹೊಡೆಯಬೇಕಿತ್ತು ಎಂದು ಖಾತ್ರಿಯಾಗುತ್ತದೆ. ನಾನು ಎಷ್ಟು ಚೆನ್ನಾಗಿ ಸರಿ ಮಾಡುತ್ತೇನೋ ಆ ಹೆಂಗಸಿನ ಮೇಲಿನ ಆಪಾದನೆ ಅಷ್ಟು ಗಟ್ಟಿಯಾಗುತ್ತದೆ. ಆ ರೆಸಿಸ್ಟರನ್ನು ಅಲ್ಲಿಂದ ತೆಗೆಯುವ ಮೊದಲು ಅವರಿಗೆ ತೋರಿಸಲೇಬೇಕಿತ್ತು.

ಬೆಳಿಗ್ಗೆ ಹೋದಾಗ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಮುಖ ಬಿಗಿದಿತ್ತು.

"ನಿಮ್ಮ ಸ್ನೇಹಿತ್ರು ಫೋನ್ ಮಾಡಿದ್ರು," ಎಂದರು. "ಪೆಟ್ಟಿಗೇಲಿ ಏನೋ ತಪ್ಪಾಗಿದೆಯಂತೆ. ಪೆಟ್ಟಿಗೆ ವೈರಿಂಗ್ ಎಲ್ಲಾ ನೀವೇ ಮಾಡಿದ್ದಂತೆ, ಅವರಿಗೆ ಗೊತ್ತೇ ಇರ್ಲಿಲ್ವಂತೆ. ಏನ್ರೀ ಅದು?"

ಎಷ್ಟೋ ದಿನದಿಂದ ಫೋನ್ ಎತ್ತದಿದ್ದವನು ಆ ಬೆಳಿಗ್ಗೆ ತಾನಾಗಿಯೇ ಫೋನ್ ಮಾಡಿದ್ದ. ಹಿಂದಿನ ಸಂಜೆ ಭುಜದ ಮೇಲಿದ್ದ ಕೈಯ ಭಾರ ಇನ್ನೂ ಹಾಗೇ ಇತ್ತು. ಪ್ಯಾನೆಲ್ ಕೂರಿಸಿದ್ದು ನಾನೇ ಆದರೂ ಹಿಂಬಾಗಿಲಿನ ವೈರನ್ನು ಸೇರಿಸಿದ್ದು ಅವನು ಎಂದು ವಿವರಿಸಬಹುದಿತ್ತು. ಆದರೆ ನಾವಿಬ್ಬರು ಕಿತ್ತಾಡಿದರೆ ಅವರ ಗಮನ ಅಲ್ಲಿಗೇ ಹೋಗುತ್ತಿತ್ತು. ನಾನು ಬಂದದ್ದು ಬೇರೆ ವಿಷಯಕ್ಕೆ.

"ಯಾರು ಮಾಡಿದ್ದು ಅನ್ನೋದು ಆಮೇಲೆ ಮಾತಾಡೋಣ ಸಾರ್. ನಮ್ಮಿಬ್ಬರ ಹೆಸರಲ್ಲೇ ಆಗಿರೋ ಕೆಲಸ. ಮೊದಲು ಒಂದು ನಿಮಿಷ ಒಳಗೆ ಬನ್ನಿ. ಅಕ್ಕನ್ನೂ ಕರೀರಿ."

"ಅವಳ್ಯಾಕೆ?"

"ಅವರೂ ನೋಡ್ಬೇಕು ಸಾರ್."

ಯಜಮಾನರನ್ನು ಪ್ಯಾನೆಲ್ ಮುಂದೆ ನಿಲ್ಲಿಸಿದೆ. ಅವರ ಕೈಯಿಂದಲೇ ನಂಬರ್ ಒತ್ತಿಸಿ ಅಲಾರಂ ಹಾಕಿಸಿದೆ. ಅದು ಪೂರ್ತಿ ಚಾಲೂ ಆಗುವ ತನಕ ಮೂವರೂ ಕಾದೆವು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಹಿಂಬಾಗಿಲನ್ನು ಹಾರುಹೊಡೆದು ಹಿತ್ತಲಿಗೆ ಇಳಿದೆ. ತುಳಸಿ ಕಟ್ಟೆಯ ತನಕ ನಡೆದು ಹೋಗಿ ವಾಪಸು ಬಂದೆ. ಮನೆ ನಿಶ್ಶಬ್ದವಾಗಿತ್ತು. ಯಜಮಾನರು ಹಸಿರು ದೀಪವನ್ನೇ ನೋಡುತ್ತಿದ್ದರು.

ಪ್ಯಾನೆಲ್ ಬಿಚ್ಚಿ, ಅವರ ಕನ್ನಡಕ ತರಿಸಿ, ಆ ಪುಟ್ಟ ತುಣುಕನ್ನು ತೋರಿಸಿದೆ. ಅದು ಏನು ಮಾಡುತ್ತದೆ, ಎಲ್ಲಿರಬೇಕಿತ್ತು ಎಂದು ಹೇಳಿದೆ. "ಮನೆಗೆ ಅಲಾರಂ ಹಾಕಿದ ದಿನದಿಂದ್ಲೂ ಈ ಬಾಗಿಲಿಗೆ ಕಾವಲೇ ಇರ್ಲಿಲ್ಲ ಸಾರ್. ಆವತ್ತು ಈ ಕಡೆಯಿಂದ ಯಾರು ಬಂದಿದ್ರೂ ಹೊಡೀತಿರ್ಲಿಲ್ಲ. ಯಾರು ಬಂದ್ರು ಅಂತ ನನಗೆ ಗೊತ್ತಿಲ್ಲ. ಆದರೆ ಅಲಾರಂ ಹೊಡಿಯಲಿಲ್ಲ ಅನ್ನೋ ಕಾರಣಕ್ಕೆ ಅಕ್ಕನ ಮೇಲೆ ಅನುಮಾನ ಪಟ್ಟಿದ್ರೆ, ಆ ಕಾರಣ ಸುಳ್ಳು."

ಯಜಮಾನರು ಸೋಫಾದ ಮೇಲೆ ಕೂತರು. ಆಮೇಲೆ ತಂಗಿಯ ಕಡೆ ನೋಡಿ, ಸಿಟ್ಟೋ ನಾಚಿಕೆಯೋ ತಿಳಿಯದ ದನಿಯಲ್ಲಿ, "ನೀನಾದ್ರೂ ಸರಿಯಾಗಿ ಬಾಯಿಬಿಟ್ಟು ಹೇಳ್ಬಾರದಿತ್ತಾ?" ಎಂದರು.

"ಹೇಳಿದ್ದೆ ಅಣ್ಣ," ಎಂದರು ಆಕೆ. ನಂತರ ನನ್ನ ಕಡೆ ತಿರುಗಿದರು. "ನಿಮ್ಮ ಸ್ನೇಹಿತ್ರು ಬಂದಿದ್ರಲ್ಲ, ಆವತ್ತು ನಾನೇ ಕೇಳ್ಕೊಂಡೆ. ನಾನು ತೆಗೆದಿಲ್ಲ ಅಂತ ನನಗೆ ಗೊತ್ತಲ್ಲ, ಅಂದ್ಮೇಲೆ ಹಿಂದಿನಿಂದಲೇ ಯಾರೋ ಬಂದಿರ್ಬೇಕು. ಅದಕ್ಕೆ, ಆ ಬಾಗಿಲು ಒಂದ್ಸಲ ತೆಗೆದು ತೋರಿಸಪ್ಪಾ ಅಂದೆ. ಬೇಡಮ್ಮ, ಇಲ್ಲಿ ಹಸಿರು ದೀಪ ಇದೆಯಲ್ಲ ಅಂದ್ರು. 'ಇದು ಸುಳ್ಳು ಹೇಳಲ್ಲ' ಅಂತ ಅಣ್ಣಂಗೆ ಹೇಳಿದ್ರು. ನಾನು ಕೊಟ್ಟ ಕಾಫಿ ಕುಡೀತಾ ಹೇಳಿದ್ರು."

ಅಂಗಡಿಯಲ್ಲಿ ಅವನು ಕೊಟ್ಟ ಕಾರಣಗಳಲ್ಲಿ ಒಂದೆರಡನ್ನಾದರೂ ನಾನು ಅಷ್ಟರ ತನಕ ಮನಸ್ಸಿನಲ್ಲಿ ಉಳಿಸಿಕೊಂಡಿದ್ದೆ. ಹೆದರಿದ್ದ, ದುಡುಕಿದ, ಹೀಗೆ. ಆ ಮಾತು ಕೇಳಿದ ಮೇಲೆ ಯಾವುದೂ ನಿಲ್ಲಲಿಲ್ಲ.

ಯಜಮಾನರು ಎದ್ದು ರೂಮಿಗೆ ಹೋಗಿ ಬೀಗದ ಕೈ ಗೊಂಚಲು ತಂದು ತಂಗಿಯ ಮುಂದೆ ಟೀಪಾಯಿಯ ಮೇಲಿಟ್ಟರು. ಆಕೆ ಅದನ್ನು ಮುಟ್ಟಲಿಲ್ಲ. ನನಗೆ ಅಲ್ಲಿ ನಿಲ್ಲಲಾಗದೆ ಕೆಲಸ ಶುರು ಮಾಡಲೇ ಎಂದು ಕೇಳಿದೆ. "ಮಾಡಿ ಹೋಗಿ," ಎಂದರು ಯಜಮಾನರು. "ಆದ್ರೆ ಇದೇ ಕೊನೆ. ಇನ್ಮೇಲೆ ನಿಮ್ಮಿಬ್ರಲ್ಲಿ ಯಾರೂ ಈ ಮನೆಗೆ ಬರೋದು ಬೇಡ." ನಾನು ತಲೆಯಾಡಿಸಿದೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹಿಂಬಾಗಿಲಿಗೆ ಹೊಸ ವೈರು ಎಳೆದೆ. ಗ್ರಾನೈಟಿನ ಮೇಲೆ ಬಿಳಿ ಪಟ್ಟಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು, ಕಾಣಲಿ ಎಂದು ಬಿಟ್ಟೆ. ರೆಸಿಸ್ಟರನ್ನು ಬಾಗಿಲಿನ ಚೌಕಟ್ಟಿನೊಳಗೆ ಬೆಸುಗೆ ಹಾಕಿ ಕೂರಿಸಿದೆ. ಎಲ್ಲ ಬಾಗಿಲು, ಎಲ್ಲ ಕಿಟಕಿ ಯಜಮಾನರ ಕಣ್ಣೆದುರೇ ಒಂದೊಂದಾಗಿ ತೆಗೆದು ಹೊಡೆಸಿ ತೋರಿಸಿದೆ.

ನಾನು ಸಾಮಾನು ಸ್ಕೂಟರಿಗೆ ಕಟ್ಟುವಾಗ ತಂಗಿ ಗೇಟಿನ ಹತ್ತಿರ ಬಂದರು. ಹಲಸೂರಿನಲ್ಲಿ ಅವರ ಹಳೇ ಸ್ನೇಹಿತೆಯೊಬ್ಬರಿದ್ದಾರಂತೆ. ಟೀಚರಾಗಿ ರಿಟೈರಾದವರು, ಒಬ್ಬರೇ ಇರುವವರು. ಅವರ ಮನೆಗೆ ಹೋಗುತ್ತೇನೆ ಎಂದರು.

"ಈಗ ಎಲ್ಲಾ ಗೊತ್ತಾಯ್ತಲ್ಲ ಅಕ್ಕ," ಎಂದೆ.

"ಗೊತ್ತಾಯ್ತು. ಅಣ್ಣ ಕೆಟ್ಟವನಲ್ಲ. ನೀವು ಬಂದು ತೋರಿಸಿದ್ದಕ್ಕೆ ಅವನು ನಂಬಿದ. ನೀವು ಬರ್ದೇ ಇದ್ದಿದ್ರೆ?" ಎಂದು ಕೇಳಿದರು. ನನ್ನಿಂದ ಉತ್ತರ ಬಯಸಿ ಕೇಳಿದ್ದಲ್ಲ.

ಒಡವೆ ಸಿಕ್ಕ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ಅಂಗಡಿಯ ಬಾಗಿಲು ನಾವು ಮುಚ್ಚಿದೆವು. ಯಂತ್ರ ಸಾಮಾನುಗಳನ್ನು ಹಂಚಿಕೊಂಡದ್ದು ಬೇರೆಯವರ ಮೂಲಕ. ನಾನೀಗ ಇಂದಿರಾನಗರದ ಒಂದು ಸಂಸ್ಥೆಯಲ್ಲಿ ಸರ್ವಿಸ್ ಕೆಲಸಕ್ಕೆ ಸೇರಿದ್ದೇನೆ. ಅವನ ಫೋನು ಬರುತ್ತಲೇ ಇತ್ತು, ನಾನು ಎತ್ತುತ್ತಿರಲಿಲ್ಲ. ಗಲ್ಲಿಯಲ್ಲಿ ಎದುರಾದರೆ ಇಬ್ಬರಲ್ಲೊಬ್ಬರು ದಾರಿ ಬದಲಿಸುತ್ತಿದ್ದೆವು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮತ್ತೆ ಬಂತು. ಏನು ಹೇಳುತ್ತಾನೋ ಕೇಳೋಣ ಅನಿಸಿ ಎತ್ತಿದೆ.

"ಮಗಾ, ಕೊನೆಗೂ ಎತ್ತಿದ್ಯಲ್ಲ," ಎಂದ, ಏನೂ ಆಗಿಲ್ಲದ ಹಾಗೆ. "ಟಿನ್ ಫ್ಯಾಕ್ಟರಿ ಹತ್ರ ಇದೀನಿ. ಕೆ.ಆರ್. ಪುರದಲ್ಲಿ ಒಳ್ಳೇ ಸೈಟ್ ಸಿಕ್ಕಿದೆ, ಮೂರು ಫ್ಲೋರು. ಒಬ್ನೇ ಕೈಲಾಗಲ್ಲ. ಮೊದಲಿನ ಥರಾನೇ ಮಾಡೋಣ. ಹಳೇದೆಲ್ಲಾ ಬಿಡು."

ನಾನು ಅಂದೆ: "ಆ ಅಕ್ಕ ಈಗ ಹಲಸೂರಲ್ಲಿದಾರೆ, ನಮ್ಮ ಅಂಗಡಿ ಇದ್ದ ಬೀದಿ ಹಿಂದೆ. ನೀನು ಹೋಗಿ ಅವರ ಮುಂದೆ ನಿಂತು, ನಂಗೆ ಗೊತ್ತಿತ್ತಮ್ಮಾ, ಗೊತ್ತಿದ್ದೂ ಸುಳ್ಳು ಹೇಳ್ದೆ ಅಂತ ಒಂದು ಮಾತು ಹೇಳಿ ಬಾ. ಆಮೇಲೆ ಸೈಟ್ ವಿಷ್ಯ ಮಾತಾಡೋಣ."

ನಾನು ಕಾದೆ.

"ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಮಗಾ," ಎಂದ. "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಆಮೇಲೆ ಮಾಡ್ತೀನಿ."

ಆದರೂ ಅವನು ಫೋನು ಇಡಲಿಲ್ಲ, ಎರಡೂ ಕಡೆ ಹಾಗೇ ಹಿಡಿದುಕೊಂಡಿದ್ದೆವು. ನನಗೆ ಅಲ್ಲಿ ಕಂಡಕ್ಟರ್ ಹೊಸಕೋಟೆ ಹೊಸಕೋಟೆ ಎಂದು ಕೂಗುವುದು ಕೇಳುತ್ತಿತ್ತು. ಬಸ್ಸಿನ ಬ್ರೇಕು ಕೇಳುತ್ತಿತ್ತು. ಅವನ ಉಸಿರೂ ಕೇಳುತ್ತಿತ್ತು, ಪಕ್ಕದಲ್ಲೇ ಕೂತಿದ್ದಾನೇನೋ ಎಂಬಷ್ಟು ಸ್ಪಷ್ಟವಾಗಿ.